ನಿಮ್ಮವರು, ನಮ್ಮವರು

ಸೆಪ್ಟೆಂಬರ್ ಬಂತು ಅಂದರೆ ನನಗೊಂದು ಅಭ್ಯಾಸ. ಕಂಠೀರವ ಸ್ಟೇಡಿಯಂನಲ್ಲಿ ಯಾವ ಯಾವ ದಿನ ಬೆಂಗಳೂರು ಎಫ್‌ಸಿಯ ಫುಟ್‌ಬಾಲ್ ಮ್ಯಾಚ್ ಇದೆ ಅಂತ ನೋಡಿಕೊಂಡು, ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆ ದಿನಗಳಿಗೆ ನೀಲಿ ಪೆನ್ನಿನಲ್ಲಿ ಸುತ್ತು ಹಾಕುವುದು. ಆ ಸಂಜೆಗಳಲ್ಲಿ ಮದುವೆ, ನಾಮಕರಣ, ಗೃಹಪ್ರವೇಶ ಯಾವುದಕ್ಕೂ ನನ್ನನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ ಅಂತ ಮನೆಯವರಿಗೆಲ್ಲ ಗೊತ್ತು. 2025ರ ಸೆಪ್ಟೆಂಬರಿನಲ್ಲಿ ಮಾತ್ರ ಕ್ಯಾಲೆಂಡರ್ ಖಾಲಿ ಇತ್ತು. ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ, ಮಗಳ ಟೆಸ್ಟು, ಅಷ್ಟೇ.

ಆ ವರ್ಷದ ಜುಲೈನಲ್ಲಿ, ದೇಶದ ದೊಡ್ಡ ಫುಟ್‌ಬಾಲ್ ಲೀಗ್ ಐಎಸ್‌ಎಲ್‌ನ ಹೊಸ ಸೀಸನ್ ತಡೆಹಿಡಿಯಲಾಗಿದೆ ಅಂತ ಸುದ್ದಿ ಬಂತು. ಫುಟ್‌ಬಾಲ್ ಫೆಡರೇಶನ್ನಿಗೂ ಲೀಗ್ ನಡೆಸುವವರಿಗೂ ಇದ್ದ ಒಪ್ಪಂದ ಡಿಸೆಂಬರಿಗೆ ಮುಗಿಯುವುದಿತ್ತು, ಆಮೇಲೆ ಏನು ಅನ್ನೋದು ಆಗ ತೀರ್ಮಾನ ಆಗಿರಲಿಲ್ಲ. ಆಗಸ್ಟ್ ಮೊದಲ ವಾರದಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳ ಸದ್ಯಕ್ಕೆ ನಿಲ್ಲಿಸಬೇಕಾಗಿದೆ ಅಂತ ತಿಳಿಸಿತು. ಅದನ್ನು ಓದುವಾಗ ನಾನು ಬಸ್ಸಿನಲ್ಲಿದ್ದೆ. ನನ್ನ ಸ್ಟಾಪ್ ದಾಟಿ ಹೋದದ್ದೂ ಗೊತ್ತಾಗಲಿಲ್ಲ.

ಮರುದಿನ ಆಫೀಸಿನಲ್ಲಿ ಟೀ ಕುಡಿಯುವಾಗ ಈ ಮಾತು ಬಂತು. ಜೊತೆಗಿದ್ದ ಹುಡುಗ ಒಳ್ಳೆಯವನು, ಫುಟ್‌ಬಾಲ್ ನೋಡುವವನೇ, ಇಂಗ್ಲೆಂಡಿನ ಒಂದು ದೊಡ್ಡ ಕ್ಲಬ್ಬಿನ ಅಭಿಮಾನಿ. ನನ್ನ ಮುಖ ನೋಡಿ ಸಮಾಧಾನ ಮಾಡೋದಕ್ಕೆ ಅಂತಲೇ ಹೇಳಿದ. "ಬಿಡಿ ಸರ್, ಹನ್ನೆರಡು ವರ್ಷದ ಕ್ಲಬ್ಬು ಅಲ್ವಾ? ಇದು ಹೋದ್ರೆ ಇನ್ನೊಂದು ಬರತ್ತೆ."

ಅವನು ಮರೆತಿರಬಹುದು. ನನಗೆ ಮಾತ್ರ ಆ ಮಾತು ಇನ್ನೂ ಚುಚ್ಚುತ್ತಿದೆ. ಯಾಕೆಂದರೆ ಟೀಮು ಹೋಗೋದು ಅಂದರೆ ಏನು ಅಂತ ನಮ್ಮ ಮನೆಯಲ್ಲಿ ಒಂದು ಸಲ ನೋಡಿ ಆಗಿದೆ.

ಅಪ್ಪನ ಟೀಮು

ನಮ್ಮಪ್ಪ ಐಟಿಐನಲ್ಲಿದ್ದರು. ದೂರವಾಣಿನಗರದ ಐಟಿಐ, ಟೆಲಿಫೋನ್ ಮಾಡುವ ಕಾರ್ಖಾನೆ. 1974ರಲ್ಲಿ ಸೇರಿದ್ದು. ನಾನು ಹುಟ್ಟಿ ಬೆಳೆದದ್ದು ಆ ಕಾರ್ಖಾನೆಯ ಸೈರನ್ ಕೇಳಿಕೊಂಡೇ. ಗಡಿಯಾರ ನೋಡಿ ಅನ್ನ ಇಡುವ ಅಭ್ಯಾಸವೇ ಅಮ್ಮನಿಗೆ ಇರಲಿಲ್ಲ. ಸೈರನ್ ಆದರೆ ಒಲೆ ಹಚ್ಚುವುದು.

ಬೆಂಗಳೂರಿನ ಫುಟ್‌ಬಾಲ್ ಅಂದರೆ ಆಗ ಕಾರ್ಖಾನೆಗಳ ಫುಟ್‌ಬಾಲ್. ಐಟಿಐ, ಎಚ್‌ಎಎಲ್, ಬಿಇಎಲ್, ಎಲ್‌ಆರ್‌ಡಿಇ, ಮಿಲಿಟರಿಯವರ ಎಂಇಜಿ. ಚೆನ್ನಾಗಿ ಆಡುವ ಹುಡುಗನಿಗೆ ಕೆಲಸ ಸಿಗುತ್ತಿತ್ತು. ಕೆಲಸ ಸಿಕ್ಕಿತು ಅಂದರೆ ಮನೆ, ಕ್ಯಾಂಟೀನು, ಪಿಂಚಣಿ. ಆಸ್ಟಿನ್ ಟೌನ್, ಮರ್ಫಿ ಟೌನ್, ಗೌತಮಪುರದ ಎಷ್ಟೋ ಮನೆಗಳಲ್ಲಿ ಫುಟ್‌ಬಾಲೇ ಅನ್ನ ಹಾಕಿದೆ. ಹಾಗಾಗಿ ಟೀಮಿನವರು ಟಿವಿಯಲ್ಲಿ ಕಾಣುವ ಮನುಷ್ಯರಾಗಿರಲಿಲ್ಲ. ಬೆಳಿಗ್ಗೆ ಅಪ್ಪನ ಹಾಗೇ ಕಾರ್ಡ್ ಪಂಚ್ ಮಾಡುವವರು, ಮಧ್ಯಾಹ್ನದ ಮೇಲೆ ಬೂಟು ಹಾಕಿಕೊಂಡು ಗ್ರೌಂಡಿಗೆ ಹೋಗುವವರು.

ಸಂಜೆ ಅಪ್ಪ ನನ್ನನ್ನು ಸೈಕಲ್ಲಿನ ಮುಂದಿನ ಬಾರ್ ಮೇಲೆ ಕೂರಿಸಿಕೊಂಡು ಪ್ರಾಕ್ಟೀಸ್ ನೋಡೋಕೆ ಕರೆದುಕೊಂಡು ಹೋಗುತ್ತಿದ್ದರು. ಬಾರ್ ಒತ್ತಬಾರದು ಅಂತ ಅದಕ್ಕೊಂದು ಹಳೇ ಟವೆಲ್ ಸುತ್ತಿರುತ್ತಿದ್ದರು. ಗ್ರೌಂಡಿನ ಪಕ್ಕ ಒಂದು ಸಿಮೆಂಟು ದಾರಿ. ಆಟಗಾರರು ಆ ದಾರಿಯಲ್ಲಿ ನಡೆದು ಬರುವಾಗ ಬೂಟಿನ ತಳದ ಗುಬಟೆಗಳು ಸಿಮೆಂಟಿಗೆ ತಾಗಿ ಟಕ್ ಟಕ್ ಅಂತ ಸದ್ದು. ಹನ್ನೊಂದು ಹನ್ನೆರಡು ಜನ ಒಟ್ಟಿಗೆ ಬಂದರೆ ಮಳೆ ಹನಿ ತಗಡಿನ ಮೇಲೆ ಬಿದ್ದ ಹಾಗಿರುತ್ತಿತ್ತು. ಹುಲ್ಲಿಗೆ ಕಾಲಿಟ್ಟ ತಕ್ಷಣ ಸದ್ದು ನಿಂತುಬಿಡುತ್ತಿತ್ತು. ಆ ನಿಲ್ಲುವ ಗಳಿಗೆಗೆ ನಾನು ಕಾಯುತ್ತಿದ್ದೆ. ಇವತ್ತಿಗೂ ಫುಟ್‌ಬಾಲ್ ಅಂದರೆ ನನ್ನ ಕಿವಿಗೆ ಮೊದಲು ಬರುವುದು ಅದೇ.

ಗೋಲ್‌ಕೀಪರ್ ಒಬ್ಬರು ನಮ್ಮ ಲೈನಿನಲ್ಲೇ, ನಾಲ್ಕು ಮನೆ ಆಚೆ ಇದ್ದರು. ಭಾನುವಾರ ಬನಿಯನ್ ಹಾಕಿಕೊಂಡು ಅಂಗಡಿಯಲ್ಲಿ ಬನ್ನು ತೆಗೆದುಕೊಳ್ಳೋಕೆ ನಿಂತಿರೋರು. ಅವರ ಅಂಗೈ ಎಷ್ಟು ಅಗಲ ಅಂತ ನೋಡೋದಕ್ಕೇ ನಾನು ಅಲ್ಲಿ ಸುಮ್ನೆ ಸುಳಿದಾಡುತ್ತಿದ್ದೆ.

ಅಪ್ಪನ ಬಳಿ ಒಂದು ಕತೆ ಇತ್ತು. 1977ರಲ್ಲಿ ಫೆಡರೇಶನ್ ಕಪ್ ಅಂತ ಮೊದಲ ಸಲ ಶುರು ಮಾಡಿದರು. ಕೊಚ್ಚಿಯ ಎರ್ನಾಕುಳಂನಲ್ಲಿ ಫೈನಲ್. ಐಟಿಐ ಎದುರಿಗೆ ಮೋಹನ್ ಬಾಗಾನ್. ಕೋಲ್ಕತ್ತಾದ 1889ರ ಕ್ಲಬ್ಬು, ಬರಿಗಾಲಲ್ಲಿ ಆಡಿ ಬ್ರಿಟಿಷರ ತಂಡವನ್ನು 1911ರಲ್ಲಿ ಸೋಲಿಸಿದ ಕ್ಲಬ್ಬು. ಅಂಥವರನ್ನು ಒಂದು ಟೆಲಿಫೋನ್ ಕಾರ್ಖಾನೆಯ ಟೀಮು 1-0 ಸೋಲಿಸಿತು. ದೇಶದ ಮೊದಲ ಫೆಡರೇಶನ್ ಕಪ್ ಬಂದದ್ದು ಬೆಂಗಳೂರಿಗೆ.

ಅಪ್ಪ ಇದನ್ನು ಹೇಳುವಾಗ "ಐಟಿಐ ಸೋಲಿಸಿತು" ಅನ್ನುತ್ತಿರಲಿಲ್ಲ. "ಸೋಲಿಸಿದ್ವಿ" ಅನ್ನುತ್ತಿದ್ದರು. "ಬಾಗಾನ್‌ನ ಸೋಲಿಸಿದ್ವಿ ಕಣೋ, ಕೊಚ್ಚಿಯಲ್ಲಿ." ಅವರು ಕೊಚ್ಚಿಗೆ ಹೋಗಿರಲಿಲ್ಲ. ಆ ಮ್ಯಾಚ್ ನೋಡಿಯೂ ಇರಲಿಲ್ಲ. ಆ ಹೊತ್ತಿನಲ್ಲಿ ಶಿಫ್ಟಿನಲ್ಲಿದ್ದರು. ಆದರೂ ಆ "ಸೋಲಿಸಿದ್ವಿ"ಯ ಕೊನೆಯ "ವಿ"ಯೊಳಗೆ ಅವರೂ ಇದ್ದರು, ಅವರ ಬೆಂಚಿನ ಪಕ್ಕದವರಿದ್ದರು, ಕ್ಯಾಂಟೀನಿನಲ್ಲಿ ಅನ್ನ ಬಡಿಸುವವರಿದ್ದರು. ಹುಟ್ಟದೇ ಇದ್ದ ನನ್ನನ್ನೂ ಅದರೊಳಗೆ ಸೇರಿಸಿಕೊಂಡೇ ಅವರು ಹೇಳುತ್ತಿದ್ದರು.

ಆಮೇಲೆ ಏನಾಯಿತು ಅಂತ ನಿಮಗೂ ಗೊತ್ತು. ಮೊಬೈಲ್ ಬಂತು. ಮನೆ ಮನೆಯ ಕಪ್ಪು ಟೆಲಿಫೋನು ಮೂಲೆಗೆ ಹೋಯಿತು. ಕಾರ್ಖಾನೆಯಲ್ಲಿ ಜನ ಕಡಿಮೆಯಾದರು, ಟೀಮು ಸೊರಗಿತು. ಒಂದೇ ದಿನ ಬಾಗಿಲು ಹಾಕಿದ್ದರೆ ಅತ್ತು ಮುಗಿಸಬಹುದಿತ್ತು. ಇದು ಹಾಗಾಗಲಿಲ್ಲ. ಒಂದು ವರ್ಷ ಹೊಸಬರನ್ನು ತೆಗೆದುಕೊಳ್ಳಲಿಲ್ಲ. ಇನ್ನೊಂದು ವರ್ಷ ಪೇಪರಿನಲ್ಲಿ ಹೆಸರು ಸಣ್ಣದಾಯಿತು. ಆಮೇಲೆ ಅಪ್ಪ ಕ್ರೀಡಾ ಪುಟವನ್ನು ಮಡಚಿ ಪಕ್ಕಕ್ಕಿಡೋಕೆ ಶುರು ಮಾಡಿದರು. ಯಾಕೆ ಅಂತ ನಾವ್ಯಾರೂ ಕೇಳಲಿಲ್ಲ.

"ನಮ್ಮ ಹುಡುಗರು ಎಷ್ಟು ಜನ?"

ಆಗ ದೇಶದ ದೊಡ್ಡ ಲೀಗ್ ಅಂದರೆ ಐ-ಲೀಗ್. 2012ರಲ್ಲಿ ಎಚ್‌ಎಎಲ್ ಅದರಿಂದ ಕೆಳಗಿಳಿದ ಮೇಲೆ ಅಲ್ಲಿ ಬೆಂಗಳೂರಿನ ಹೆಸರೇ ಇರಲಿಲ್ಲ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸ್ ಎದುರು ಭಾರತ ಹೊಡೆದ ಒಂದೇ ಗೋಲು ನಮ್ಮೂರಿನ ಸಾರಂಗಪಾಣಿ ರಾಮನ್ ಅವರದ್ದು. ಕೋಲ್ಕತ್ತಾದ ಈಸ್ಟ್ ಬೆಂಗಾಲ್ ಕ್ಲಬ್ಬಿನ "ಪಂಚಪಾಂಡವ"ರು ಅನ್ನಿಸಿಕೊಂಡ ಐದು ಆಟಗಾರರಲ್ಲಿ ಒಬ್ಬರು ನಮ್ಮೂರಿನ ಅಹ್ಮದ್ ಖಾನ್. ಅರುಮೈನಾಯಗಂ, ಉಳಗನಾಥನ್ ಮೋಹನ್ ಬಾಗಾನ್‌ಗೆ ಆಡಿದರು. ಕಾರ್ಲ್ಟನ್ ಚಾಪ್‌ಮನ್ ಈಸ್ಟ್ ಬೆಂಗಾಲ್‌ಗೆ ಹೋದರು. "ಕಲ್ಕತ್ತಾದವರು ಮೆರೆದಿದ್ದು ನಮ್ಮ ಹುಡುಗರನ್ನ ಆಡಿಸ್ಕೊಂಡು" ಅನ್ನೋದು ಅಪ್ಪನ ಹಳೇ ಸಂಕಟ. ಇಂಥ ಊರಿಗೆ ಒಂದು ಟೀಮಿಲ್ಲ.

ಮರುವರ್ಷ ಬೆಂಗಳೂರು ಎಫ್‌ಸಿ ಹುಟ್ಟಿತು. 2013ರ ಸೆಪ್ಟೆಂಬರ್ 22, ಭಾನುವಾರ, ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಮೊದಲ ಲೀಗ್ ಮ್ಯಾಚ್. ಎದುರಿಗೆ ಯಾರು? ಅದೇ ಮೋಹನ್ ಬಾಗಾನ್. ಶಾನ್ ರೂನಿ ಕ್ಲಬ್ಬಿನ ಮೊದಲ ಗೋಲು ಹೊಡೆದ. 1-1 ಡ್ರಾ. ಪಶ್ಚಿಮದ ಸ್ಟ್ಯಾಂಡಿನಲ್ಲಿ ಒಂದಿಷ್ಟು ಹುಡುಗರು ಕೂರದೆ, ಗಂಟಲು ಹರಿಯುವ ಹಾಗೆ ಕೂಗುತ್ತಾ ನಿಂತಿದ್ದರು. ವೆಸ್ಟ್ ಬ್ಲಾಕ್ ಬ್ಲೂಸ್ ಅಂತ ಈಗ ಎಲ್ಲರಿಗೂ ಗೊತ್ತಿರುವ ಗುಂಪು. ನಾನು ಸ್ವಲ್ಪ ಆಚೆ ನಿಂತಿದ್ದೆ. ವಾಪಸ್ ಹೋಗುವಷ್ಟರಲ್ಲಿ ನನ್ನ ಗಂಟಲೂ ಹೋಗಿತ್ತು.

ಮನೆಗೆ ಬಂದು ಅಪ್ಪನಿಗೆ ಎಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ.

"ಟೀಮಲ್ಲಿ ನಮ್ಮ ಹುಡುಗರು ಎಷ್ಟು ಜನ?"

ನಾನು ಲೆಕ್ಕ ಹಾಕಿದೆ. ಮಿಜೋರಾಂ, ಶಿಲ್ಲಾಂಗ್, ಪಂಜಾಬ್, ಇಂಗ್ಲೆಂಡ್, ಕೀನ್ಯಾ. ಉತ್ತರ ಹೇಳೋಕೆ ಆಗಲಿಲ್ಲ.

"ಮತ್ತೆ ಅದು ಹೆಂಗೋ ನಮ್ಮ ಟೀಮು?"

ಅಲ್ಲಿಂದ ಮುಂದೆ ಅಪ್ಪನ ಬಾಯಲ್ಲಿ ಅದು "ನಿಮ್ಮವರು". "ನಿಮ್ಮವರು ಗೆದ್ರಾ?" "ಇವತ್ತು ನಿಮ್ಮವರದ್ದು ಮ್ಯಾಚಾ?" ಮೊದಲ ವರ್ಷವೇ, 2014ರ ಏಪ್ರಿಲ್‌ನಲ್ಲಿ, ಗೋವಾದಲ್ಲಿ ಡೆಂಪೋವನ್ನು 4-2 ಸೋಲಿಸಿ ಐ-ಲೀಗ್ ಗೆದ್ದಾಗಲೂ "ನಿಮ್ಮವರು ಪರವಾಗಿಲ್ಲ ಕಣೋ" ಅಂದರು. ಮಾತಿನಲ್ಲಿ ಕಹಿ ಇರಲಿಲ್ಲ. ತಮ್ಮ ಅಳತೆಗೋಲು ಇಟ್ಟು ಅಳೆದು ಹೇಳಿದ್ದರು ಅಷ್ಟೇ. ನಾಲ್ಕು ಮನೆ ಆಚೆ ಗೋಲ್‌ಕೀಪರ್ ಇರಬೇಕು ಅನ್ನೋ ಅಳತೆಗೋಲು.

ನಾನು ಅದನ್ನು ತುಂಬಾ ಯೋಚನೆ ಮಾಡಿದ್ದೇನೆ. ಕನ್ನಡದಲ್ಲಿ ನಾವು "ನಮ್ಮ" ಅನ್ನೋ ಮಾತನ್ನು ಎಷ್ಟು ಧಾರಾಳವಾಗಿ ಬಳಸುತ್ತೇವೆ ನೋಡಿ. "ನನ್ನಮ್ಮ" ಅಂತ ಹೇಳುವವರು ಕಡಿಮೆ. ಒಬ್ಬನೇ ಮಗನಾದರೂ "ನಮ್ಮಮ್ಮ" ಅಂತಲೇ ಅನ್ನುವುದು. ನಮ್ಮನೆ, ನಮ್ಮೂರು, ನಮ್ಮ ರಸ್ತೆ, ಹೊಸದಾಗಿ ಬಂದ ಮೆಟ್ರೋ ಕೂಡ ನಮ್ಮ ಮೆಟ್ರೋ. ಇಷ್ಟು ಸಲೀಸಾದ ಮಾತು ಒಂದು ಫುಟ್‌ಬಾಲ್ ಟೀಮಿನ ಹತ್ತಿರ ಬಂದಾಗ ಮಾತ್ರ ಅಪ್ಪನ ಬಾಯಿಂದ ಹೊರಡಲಿಲ್ಲ. ಒಂದು ಸಲ ಟೀಮಿಗೆ ಆ ಮಾತು ಕೊಟ್ಟು ಕಳೆದುಕೊಂಡವರು ಅವರು.

ಮೇ 31

2015ರ ಮೇ 31, ಭಾನುವಾರ. ಐ-ಲೀಗಿನ ಕೊನೆಯ ದಿನ. ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ ಮತ್ತು ಮೋಹನ್ ಬಾಗಾನ್. ಗೆದ್ದರೆ ಕಪ್ ಬೆಂಗಳೂರಿಗೆ, ಡ್ರಾ ಆದರೂ ಬಾಗಾನ್‌ಗೆ. ಕೋಲ್ಕತ್ತಾದಿಂದ ರೈಲು, ವಿಮಾನ ಹತ್ತಿ ಸಾವಿರಾರು ಜನ ಬಂದಿದ್ದರು. ಹದಿಮೂರು ವರ್ಷದಿಂದ ಅವರು ರಾಷ್ಟ್ರೀಯ ಲೀಗ್ ಗೆದ್ದಿರಲಿಲ್ಲ.

ಅಪ್ಪ ಬರಲ್ಲ ಅಂದಿದ್ದರು. "ಬಾಗಾನ್ ಬರ್ತಿದೆ ಅಪ್ಪಾ" ಅಂದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಒಳಗೆ ಹೋಗಿ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದರು. ನೀಲಿ ಜೆರ್ಸಿಗಳ ನಡುವೆ ಒಂದು ಬಿಳಿ ಅಂಗಿ. ಜೇಬಿನಲ್ಲಿ ಕಡ್ಲೆಕಾಯಿ ಪೊಟ್ಟಣ. ಸ್ಟ್ಯಾಂಡಿನಲ್ಲಿ ಕೂತ ಮೇಲೆ ಅವರ ಮೊದಲ ದೂರು, ಓಟದ ಟ್ರ್ಯಾಕಿನಿಂದಾಗಿ ಆಟ ತುಂಬಾ ದೂರ ಅಂತ. "ಬೂಟಿನ ಸದ್ದೇ ಕೇಳಲ್ವಲ್ಲೋ" ಅಂದರು. ಆ ಸದ್ದು ಅವರಿಗೂ ನೆನಪಿದೆ ಅಂತ ನನಗೆ ಅವತ್ತೇ ಗೊತ್ತಾಗಿದ್ದು.

ಆ ಸಂಜೆ ಮಳೆ. ಮೈದಾನ ಒದ್ದೆ, ಅಪ್ಪನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. 41ನೇ ನಿಮಿಷದಲ್ಲಿ ಜಾನ್ ಜಾನ್ಸನ್ ಗೋಲು ಹೊಡೆದ. ಇಡೀ ಕಂಠೀರವ ಎದ್ದು ನಿಂತಿತು. ನನ್ನ ಪಕ್ಕದ ಅಪರಿಚಿತ ಹುಡುಗ ನನ್ನನ್ನು ಅಪ್ಪಿಕೊಂಡು ಹಾರಿದ. ಅಪ್ಪ ಎದ್ದು ನಿಂತರು, ಆದರೆ ಕೂಗಲಿಲ್ಲ. ಕಡ್ಲೆಕಾಯಿ ಸಿಪ್ಪೆ ಹಿಡಿದ ಮುಷ್ಟಿ ಬಿಗಿಯಾಗಿತ್ತು.

ಎರಡನೇ ಅರ್ಧ ಹೇಗೆ ಕಳೆಯಿತು ಅಂತ ಸರಿಯಾಗಿ ಹೇಳಲಾರೆ. ಗಡಿಯಾರವನ್ನೇ ಜಾಸ್ತಿ ನೋಡಿದೆ. 70. 75. 80. ವೆಸ್ಟ್ ಬ್ಲಾಕ್ ಒಂದು ಕ್ಷಣವೂ ಬಾಯಿ ಮುಚ್ಚಿರಲಿಲ್ಲ. 85. ಪಕ್ಕದ ಹುಡುಗ ಕಣ್ಣು ಮುಚ್ಚಿಕೊಂಡು ಏನೋ ಜಪಿಸುತ್ತಿದ್ದ. 87ನೇ ನಿಮಿಷ, ಬಾಗಾನ್‌ಗೆ ಕಾರ್ನರ್. ಸೋನಿ ನಾರ್ಡೆ ಚೆಂಡು ಹಾಕಿದ. ಬೆಲ್ಲೋ ರಜಾಕ್ ಎಲ್ಲರಿಗಿಂತ ಮೇಲೆ ಹಾರಿ ತಲೆ ಕೊಟ್ಟ. 1-1.

ಸಾವಿರಾರು ಜನ ಒಟ್ಟಿಗೆ ಮೌನವಾದರೆ ಹೇಗಿರುತ್ತದೆ ಅಂತ ಅವತ್ತು ಕೇಳಿದೆ. ಮೈದಾನದ ಇನ್ನೊಂದು ಕಡೆಯಿಂದ ಮಾತ್ರ ಬೆಂಗಾಲಿಯಲ್ಲಿ ಕೂಗು. ಅಲ್ಲೊಬ್ಬ ವಯಸ್ಸಾದವರು ಹಸಿರು-ಕೆಂಗಂದು ಬಣ್ಣದ ಶಾಲನ್ನು ಮುಖಕ್ಕೆ ಒತ್ತಿಕೊಂಡು ಅಳುತ್ತಿದ್ದುದು ದೊಡ್ಡ ದೀಪದ ಬೆಳಕಿನಲ್ಲಿ ಕಾಣಿಸಿತು. ಅಪ್ಪನ ವಯಸ್ಸಿನವರೇ ಇರಬೇಕು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ.

ಮ್ಯಾಚ್ ಮುಗಿಯಿತು. ನಮ್ಮ ಆಟಗಾರರು ಹುಲ್ಲಿನ ಮೇಲೆ ಕುಸಿದರು. ಜನ ಹೊರಗೆ ಹೋಗಲಿಲ್ಲ. ವೆಸ್ಟ್ ಬ್ಲಾಕ್ ಮತ್ತೆ ಹಾಡೋಕೆ ಶುರು ಮಾಡಿತು, ಮೊದಲಿಗಿಂತ ಜೋರಾಗಿ. ಆಟಗಾರರು ಎದ್ದು, ಒದ್ದೆ ಜೆರ್ಸಿಯಲ್ಲೇ ಆ ಕಡೆ ನಡೆದು ಬಂದರು. ಅಪ್ಪ ಅದನ್ನೆಲ್ಲ ನೋಡುತ್ತಾ ನಿಂತೇ ಇದ್ದರು. ನಾನು "ಹೋಗೋಣ್ವಾ?" ಅಂತ ಎರಡು ಸಲ ಕೇಳಿದೆ.

ಬಸ್ಸಿನಲ್ಲಿ ಇಬ್ಬರೂ ಮಾತಾಡಲಿಲ್ಲ. ಟಿನ್ ಫ್ಯಾಕ್ಟರಿ ಹತ್ತಿರ ಬಂತು. ಎದುರಿನ ಸೀಟಿನ ಕಂಬಿ ಹಿಡಿದುಕೊಂಡು, ಕಿಟಕಿ ಆಚೆ ನೋಡುತ್ತಲೇ ಅಪ್ಪ ಅಂದರು.

"ಆ ಕಾರ್ನರ್‌ನಲ್ಲಿ ನಮ್ಮವರು ಆ ಎತ್ತರದವನನ್ನ ಯಾಕೋ ಹಂಗೆ ಬಿಟ್ಬಿಟ್ರು?"

ನಾನು ಏನೂ ಹೇಳಲಿಲ್ಲ. ಹೇಳಿದರೆ ಆ ಮಾತನ್ನು ವಾಪಸ್ ತೆಗೆದುಕೊಂಡುಬಿಡುತ್ತಾರೇನೋ ಅನ್ನಿಸಿತು. ಇಳಿದು ಮನೆಯವರೆಗೂ ನಡೆಯುವಾಗ ಅವರು ಎಷ್ಟೋ ವರ್ಷದ ಮೇಲೆ 1977ರ ಕತೆಯನ್ನು ಮತ್ತೆ ಹೇಳಿದರು, ಮೊದಲಿಂದ ಕೊನೆಯವರೆಗೆ. ಗೆದ್ದ ಏಪ್ರಿಲ್‌ನಲ್ಲಿ ಆ ಟೀಮು ಅವರಿಗೆ ನಮ್ಮದಾಗಿರಲಿಲ್ಲ. ಒಂದು ಕಾರ್ನರಿನಲ್ಲಿ ಮಾಡಿದ ತಪ್ಪಿಗೆ ಅದರ ಮೇಲೆ ಸಿಟ್ಟು ಬಂದಾಗ ನಮ್ಮದಾಯಿತು. ಮನೆಯ ಮಕ್ಕಳನ್ನು ತಾನೇ ನಾವು ಹಾಗೆ ಬಯ್ಯುವುದು?

ಫೋನಿನಲ್ಲಿ ಬಂದ ಗೋಲು

ಆಮೇಲಿನ ವರ್ಷಗಳು ಸುಲಭದ ವರ್ಷಗಳು. 2016ರ ಏಪ್ರಿಲ್‌ನಲ್ಲಿ ಕಂಠೀರವದಲ್ಲೇ ಸಾಲ್ಗಾವ್ಕರ್ ಮೇಲೆ 2-0 ಗೆದ್ದು ಐ-ಲೀಗ್ ವಾಪಸ್ ತಂದರು. ಅಕ್ಟೋಬರ್ 19ಕ್ಕೆ ಏಷ್ಯಾದ ಕ್ಲಬ್ಬುಗಳು ಆಡುವ ಎಎಫ್‌ಸಿ ಕಪ್ಪಿನ ಸೆಮಿಫೈನಲ್, ಮಲೇಷ್ಯಾದ ಜೊಹೊರ್ ತಂಡದ ಎದುರು. ಹಿಂದಿನ ವರ್ಷದ ಚಾಂಪಿಯನ್ನರು ಅವರು.

ಆ ಹೊತ್ತಿಗೆ ಅಪ್ಪನಿಗೆ ಮಂಡಿ ನೋವು ಜಾಸ್ತಿಯಾಗಿ ಮೆಟ್ಟಿಲು ಹತ್ತುವುದು ಕಷ್ಟವಾಗಿತ್ತು. ಅವರು ಮನೆಯಲ್ಲಿ ಟಿವಿ ಮುಂದೆ, ನಾನು ಸ್ಟೇಡಿಯಂನಲ್ಲಿ. ಗಲಾಟೆ ಕೇಳಲಿ ಅಂತ ಫೋನ್ ಹಚ್ಚಿ ಜೇಬಿನಲ್ಲಿಟ್ಟುಕೊಂಡಿದ್ದೆ. ಮೊದಲು ಅವರೇ ಗೋಲು ಹೊಡೆದರು. ಆಮೇಲೆ ಸುನಿಲ್ ಛೆಟ್ರಿ ಒಂದು. ಛೆಟ್ರಿಯೇ ಇನ್ನೊಂದು. ಆಮೇಲೆ ಹ್ವಾನಾನ್. 3-1. ಭಾರತದ ಯಾವ ಕ್ಲಬ್ಬೂ ಅಲ್ಲಿಯವರೆಗೆ ಆ ಕಪ್ಪಿನ ಫೈನಲ್ ಮುಟ್ಟಿರಲಿಲ್ಲ.

ಟಿವಿಗೆ ಚಿತ್ರ ಬರೋದು ಕೆಲವು ಸೆಕೆಂಡು ತಡ. ನಮ್ಮ ಕೂಗು ಫೋನಿನಲ್ಲಿ ಮೊದಲೇ ಮುಟ್ಟುತ್ತಿತ್ತು. ಛೆಟ್ರಿಯ ಎರಡನೇ ಗೋಲಿನ ಹೊತ್ತಿಗೆ ಅಪ್ಪನ ಟಿವಿಯಲ್ಲಿ ಚೆಂಡು ಇನ್ನೂ ಬಾಕ್ಸಿನ ಆಚೆ ಇತ್ತಂತೆ. ಇತ್ತ ಫೋನಿನಲ್ಲಿ ಇಡೀ ಕಂಠೀರವ ಕಿರುಚುತ್ತಿದೆ. ಆ ಎರಡು ಮೂರು ಸೆಕೆಂಡು, ಏನೋ ಒಳ್ಳೆಯದು ಆಗೇ ಆಗುತ್ತದೆ ಅಂತ ಗೊತ್ತಿದ್ದು ಅದಕ್ಕೆ ಕಾಯುತ್ತಾ ಕೂರೋದು. "ಅಷ್ಟು ಸುಖ ಯಾವತ್ತೂ ಪಟ್ಟಿಲ್ಲ ಕಣೋ" ಅಂತ ಆಮೇಲೆ ಎಷ್ಟೋ ಸಲ ಹೇಳಿದರು. ನವೆಂಬರಿನಲ್ಲಿ ದೋಹಾದ ಫೈನಲ್ ಇರಾಕಿನ ತಂಡಕ್ಕೆ 1-0 ಸೋತೆವು. ಆ ರಾತ್ರಿಯೂ ಅಪ್ಪ "ಸೋತ್ವಿ" ಅಂತಲೇ ಅಂದರು.

2019ರ ಮಾರ್ಚ್ 17ಕ್ಕೆ ಮುಂಬೈಯಲ್ಲಿ ಐಎಸ್‌ಎಲ್ ಫೈನಲ್. ಎಕ್ಸ್‌ಟ್ರಾ ಟೈಮ್ ಇನ್ನೇನು ಮುಗಿಯಬೇಕು ಅನ್ನುವಾಗ ಡಿಮಾಸ್ ಡೆಲ್ಗಾಡೊನ ಕಾರ್ನರ್‌ಗೆ ರಾಹುಲ್ ಭೇಕೆ ತಲೆ ಕೊಟ್ಟ. ಗೋವಾ ಮೇಲೆ 1-0. ಅಪ್ಪ ಸೋಫಾದಿಂದ ಎದ್ದೇಳೋಕೆ ನನ್ನ ಭುಜ ಹಿಡಿದುಕೊಂಡರು. ಕಾರ್ನರ್ ನೋಡಿದಾಗಲೆಲ್ಲ ಬೆಲ್ಲೋ ರಜಾಕ್ ನೆನಪಾಗುತ್ತಿದ್ದ ಮನೆಯದು. ಆ ರಾತ್ರಿ ಒಂದು ಲೆಕ್ಕ ಚುಕ್ತಾ ಆಯಿತು.

2021ರಲ್ಲಿ ಅಪ್ಪ ಹೋದರು.

ಅವರಿಲ್ಲದ ಮೇಲೆ ಐಎಸ್‌ಎಲ್ ಫೈನಲ್‌ನಲ್ಲೇ ಬಾಗಾನ್ ಎರಡು ಸಲ ಎದುರಾಯಿತು. 2023ರ ಮಾರ್ಚಿನ ಫೈನಲ್ 2-2 ಆಗಿ ಪೆನಾಲ್ಟಿಯಲ್ಲಿ ಹೋಯಿತು. ಅದೇ ತಿಂಗಳ 4ನೇ ತಾರೀಖು ರಿಯಾದ್‌ನಲ್ಲಿ ಕರ್ನಾಟಕ 54 ವರ್ಷದ ಮೇಲೆ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದಿತ್ತು. ಅಪ್ಪನ "ನಮ್ಮ ಹುಡುಗರು ಎಷ್ಟು ಜನ" ಅನ್ನೋ ಪ್ರಶ್ನೆಗೆ ಅದರಲ್ಲಿ ಸ್ವಲ್ಪ ಉತ್ತರ ಇತ್ತು, ಕೇಳಿಸಿಕೊಳ್ಳೋಕೆ ಅವರಿರಲಿಲ್ಲ. 2025ರ ಏಪ್ರಿಲ್ 12ಕ್ಕೆ ಕೋಲ್ಕತ್ತಾದ ಸಾಲ್ಟ್ ಲೇಕ್‌ನಲ್ಲಿ ಮತ್ತೆ ಫೈನಲ್, ಮತ್ತೆ ಬಾಗಾನ್. ಅದಕ್ಕೆ ಮುಂಚೆ ಸೆಮಿಫೈನಲ್‌ನಲ್ಲಿ ಗೋವಾ ಎದುರು ಕೊನೇ ಗಳಿಗೆಯಲ್ಲಿ 40 ವರ್ಷದ ಛೆಟ್ರಿ ತಲೆಯಲ್ಲಿ ಹೊಡೆದ ಗೋಲಿಗೆ ನನ್ನ ಮಗಳು ಸೋಫಾದ ಮೇಲೆ ಹತ್ತಿ ಕುಣಿದಿದ್ದಳು. ಫೈನಲ್‌ನಲ್ಲಿ ನಾವೇ 1-0 ಮುಂದಿದ್ದೆವು. 2-1 ಸೋತೆವು. ಮಗಳು ಬಾಗಿಲು ಹಾಕಿಕೊಂಡು ರೂಮಿನಲ್ಲಿ ಕೂತಳು. ನಾನು ಕರೆಯಲಿಲ್ಲ.

ಇನ್ನೊಂದು ಬರತ್ತೆ

ಆ ಹುಡುಗ ಹೇಳಿದ್ದು ಪೂರ್ತಿ ಸುಳ್ಳಲ್ಲ. ಐಟಿಐ ಹೋದ ಮೇಲೆ ಇನ್ನೊಂದು ಬಂತು. ಆದರೆ ನಡುವೆ ಎಷ್ಟು ವರ್ಷ ಅಪ್ಪ ಆ ಕ್ರೀಡಾ ಪುಟ ಮಡಚಿಟ್ಟರು ಅನ್ನೋದನ್ನ ನಾನು ನೋಡಿದ್ದೇನೆ. ಹೊಸದು ಬಂದ ದಿನ ಅವರು ಎದ್ದು ಹೋಗಿ ಅಪ್ಪಿಕೊಳ್ಳಲಿಲ್ಲ. ಸುಮಾರು ಎರಡು ವರ್ಷ ಅದನ್ನು ಹೊಸ್ತಿಲ ಆಚೆಯೇ ನಿಲ್ಲಿಸಿದ್ದರು. ಮಗಳಿಗೆ ಅಂಥ ವರ್ಷಗಳು ಬರಬಾರದು ಅನ್ನೋದು ನನ್ನ ಆಸೆ.

ಆ ಸೆಪ್ಟೆಂಬರಿನ ಒಂದು ಶನಿವಾರ ಅವಳು ತನ್ನ 11ನೇ ನಂಬರಿನ ಜೆರ್ಸಿ ಹಾಕಿಕೊಂಡು ಹಾಲಿಗೆ ಬಂದಳು. "ಮ್ಯಾಚ್ ಇಲ್ವಲ್ಲ ಪುಟ್ಟಾ" ಅಂದೆ. "ಗೊತ್ತು, ಸುಮ್ನೆ ಹಾಕ್ಕೊಂಡೆ" ಅಂದಳು. ನನಗೆ ತಡೆಯಲಾಗಲಿಲ್ಲ. ಅವಳನ್ನು ಕರೆದುಕೊಂಡು ಹೊರಟೆ. ನಮ್ಮ ಕಡೆಯ ಒಂದು ಚಿಕ್ಕ ಗ್ರೌಂಡಿನಲ್ಲಿ ಲೋಕಲ್ ಟೀಮುಗಳ ಮ್ಯಾಚ್ ಇತ್ತು. ಹೆಚ್ಚೆಂದರೆ ನಲವತ್ತು ಜನ ನೋಡುವವರು. ಸ್ಟ್ಯಾಂಡಿಲ್ಲ, ಟ್ರ್ಯಾಕಿಲ್ಲ. ಗೆರೆಯ ಪಕ್ಕದಲ್ಲೇ ನಿಂತೆವು. ಹದಿನೆಂಟು ಇಪ್ಪತ್ತು ವರ್ಷದ ಹುಡುಗರು ಶೆಡ್ಡಿನಿಂದ ಸಿಮೆಂಟು ಕಟ್ಟೆ ದಾಟಿ ಬಂದರು.

"ಅಪ್ಪಾ, ಅದೇನು ಟಕ್ ಟಕ್ ಅಂತ?" ಅಂದಳು ಮಗಳು. ಎಷ್ಟೋ ಮ್ಯಾಚ್ ನೋಡಿದ್ದಾಳೆ. ಕಂಠೀರವದಲ್ಲಿ ಅದು ಕೇಳೋದೇ ಇಲ್ಲ.

ಪಕ್ಕದಲ್ಲಿ ಒಬ್ಬರು ವಯಸ್ಸಾದವರು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದರು. ಮಗಳ ನೀಲಿ ಜೆರ್ಸಿ ನೋಡಿದರು. "ನಿಮ್ಮ ಟೀಮಿಂದು ಏನಾದ್ರೂ ಸುದ್ದಿ ಬಂತಾಮ್ಮ?" ಅಂತ ಕೇಳಿದರು.

"ಇನ್ನೂ ಇಲ್ಲ ತಾತ" ಅಂದಳು.

ಅವರು ತಲೆಯಾಡಿಸಿ, ಕುರ್ಚಿಯನ್ನು ಸ್ವಲ್ಪ ಪಕ್ಕಕ್ಕೆ ಎಳೆದುಕೊಂಡು, ಅವಳಿಗೆ ಕಾಣುವ ಹಾಗೆ ಜಾಗ ಬಿಟ್ಟರು. ಆಟ ಶುರುವಾಯಿತು. ನಾವು ಕತ್ತಲಾಗುವವರೆಗೂ ಇದ್ದೆವು. ಹೊರಡುವಾಗ ಮಗಳು ತಾನೇ ಹೋಗಿ, ಬಲೆ ಬಿಚ್ಚುತ್ತಿದ್ದ ಹುಡುಗನ ಹತ್ತಿರ ಮುಂದಿನ ಮ್ಯಾಚ್ ಯಾವಾಗ ಅಂತ ಕೇಳಿಕೊಂಡು ಬಂದಳು. ಬುಧವಾರ, ಮೂರೂವರೆಗೆ.